ನಾಲ್ಕು ತಿಂಗಳು ಚಿಯಾಂಗ್ ಮಾಯ್‌ನಲ್ಲಿ ಕೂತು ಕೆಲಸ ಮಾಡುವ ಯೋಚನೆ, ಹೋಗಿ ಬಂದವರು ಇದ್ದೀರಾ?

ಕಲ್ಯಾಣಪುರ_ಸೇತುವೆ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವನು, ಸಂತೆಕಟ್ಟೆ ಹತ್ತಿರ ಮನೆ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಮನೆಯಿಂದಲೇ ಕೆಲಸ. ಕೊರೊನಾ ಟೈಮಲ್ಲಿ ಊರಿಗೆ ಬಂದವನು ಮತ್ತೆ ಹೋಗಲಿಲ್ಲ, ಅವರೂ ಕರೆಯಲಿಲ್ಲ. ಹೆಂಡತಿ ಡಿಸೈನ್ ಕೆಲಸ ಮಾಡ್ತಾಳೆ, ಫ್ರೀಲಾನ್ಸ್. ಮಕ್ಕಳಿಲ್ಲ. ಈಗ ಹೋಗದಿದ್ದರೆ ಮತ್ತೆ ಯಾವಾಗ ಅಂತ ಇಬ್ಬರಿಗೂ ತಲೆಯಲ್ಲಿ ಕೂತಿದೆ.

ಯೂಟ್ಯೂಬ್ ತುಂಬ ಬರೀ ಇದೇ ವಿಡಿಯೊ. ಥಾಯ್ಲೆಂಡ್‌ನ ಚಿಯಾಂಗ್ ಮಾಯ್, ವಿಯೆಟ್ನಾಮ್‌ನ ದಾ ನಾಂಗ್, ಮಲೇಷ್ಯಾದ ಪೆನಾಂಗ್. ತಿಂಗಳಿಗೆ ಸಾವಿರ ಡಾಲರ್ ಇದ್ದರೆ ರಾಜನ ಹಾಗೆ ಇರಬಹುದು ಅಂತಾರೆ. ನಮಗೆ ಚಿಯಾಂಗ್ ಮಾಯ್ ಇಷ್ಟ ಆಗಿದೆ. ಜನವರಿ ಕೊನೆಗೆ ಹೋಗಿ ಮೇ ಕೊನೆಗೆ ಬರುವ ಅಂತ. ಇಲ್ಲಿನ ಬೇಸಿಗೆಯ ಸೆಖೆಯೂ ತಪ್ಪುತ್ತದೆ, ಬೆಟ್ಟದ ಊರಲ್ವಾ.

ನನ್ನ ಪ್ರಶ್ನೆ ಇಷ್ಟೇ. ನಿಜವಾದ ಖರ್ಚು ಎಷ್ಟು? ವೀಸಾ ಯಾವುದು? ನನ್ನ ಕ್ಲೈಂಟ್ ನ್ಯೂಯಾರ್ಕ್ ಕಡೆಯವರು, ಸಂಜೆ ಹೊತ್ತು ಕಾಲ್ ಇರುತ್ತದೆ, ಅದು ಹೇಗಾಗುತ್ತದೆ? ಮತ್ತೆ ಹೆಂಡತಿ ಪಕ್ಕಾ ಸಸ್ಯಾಹಾರಿ. ನನಗೆ ಮೀನು ಸಿಕ್ಕಿದರೆ ಸಾಕು, ನನ್ನ ಚಿಂತೆ ಬೇಡ.

ಬಿಜೈ_ಮ್ಯೂಸಿಯಂ

ನಾನು ಅಲ್ಲಿ ಒಂದು ವರ್ಷದ ಹತ್ತಿರ ಇದ್ದು ಬಂದವನು, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ, ಬೇಜಾರು ಮಾಡಬೇಡಿ.

ಮೊದಲು ತಿಂಗಳು ಬದಲಿಸಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಚಿಯಾಂಗ್ ಮಾಯ್‌ನಲ್ಲಿ ಹೊಗೆ. ಗದ್ದೆಯಲ್ಲಿ ಉಳಿದ ಮೆಕ್ಕೆಜೋಳದ ದಂಟು, ಕಾಡಿನ ತರಗೆಲೆ ಎಲ್ಲ ಸುಡ್ತಾರೆ. ಆಚೆ ಮ್ಯಾನ್ಮಾರ್, ಲಾವೋಸ್ ಕಡೆಯಿಂದಲೂ ಹೊಗೆ ಬರುತ್ತದೆ. ಊರು ಸುತ್ತ ಬೆಟ್ಟ ಇರುವ ಬಟ್ಟಲಿನಂಥ ಜಾಗದಲ್ಲಿ ಉಂಟು, ಹೊಗೆ ಹೊರಗೆ ಹೋಗುವುದೇ ಇಲ್ಲ. ಮಾರ್ಚ್‌ನಲ್ಲಿ ಎಷ್ಟೋ ಸಲ ಜಗತ್ತಿನ ಅತಿ ಕೆಟ್ಟ ಗಾಳಿಯ ನಗರಗಳ ಪಟ್ಟಿಯಲ್ಲಿ ಮೊದಲು ಅದೇ ಬರುತ್ತದೆ. ಊರಿನ ತಲೆ ಮೇಲೇ ದೋಯ್ ಸುತೇಪ್ ಬೆಟ್ಟ, ಮೇಲೆ ಚಿನ್ನದ ಬಣ್ಣದ ದೇವಸ್ಥಾನ. ಬೇರೆ ದಿನ ಬಾಲ್ಕನಿಯಿಂದ ಕಾಣುವ ಆ ಬೆಟ್ಟ ಮಾರ್ಚ್‌ನಲ್ಲಿ ಇದೆಯೋ ಇಲ್ಲವೋ ಅಂತ ಗೊತ್ತಾಗುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮೊಬೈಲಲ್ಲಿ ಗಾಳಿಯ ನಂಬರ್ ನೋಡಿ ಕಿಟಕಿ ತೆರೆಯುವುದಾ ಬೇಡವಾ ಅಂತ ತೀರ್ಮಾನ ಮಾಡುವ ಬದುಕು ಅದು, ಅದಕ್ಕೆ ದುಡ್ಡು ಕೊಟ್ಟು ಯಾಕೆ ಹೋಗುವುದು ಹೇಳಿ. ಸೆಖೆಯೂ ತಪ್ಪುವುದಿಲ್ಲ. ಏಪ್ರಿಲ್‌ನಲ್ಲಿ 38, 40 ಡಿಗ್ರಿ ಸಾಮಾನ್ಯ. ಬೆಟ್ಟದ ಊರು ಅಂದರೆ ಕೊಡೈಕೆನಾಲ್ ಅಲ್ಲ, ಪೇಟೆ ಇರುವುದು ತಗ್ಗಿನಲ್ಲಿ.

ನನ್ನ ಕೇಳಿದರೆ ನಮ್ಮ ಮಳೆಗಾಲದಲ್ಲಿ ಹೋಗಿ. ಜೂನ್‌ನಿಂದ ಸೆಪ್ಟೆಂಬರ್. ಅಲ್ಲಿಯೂ ಮಳೆ ಬರುತ್ತದೆ, ಆದರೆ ಅದನ್ನು ನಾವು ಮಳೆ ಅಂತ ಕರೆಯುವುದಿಲ್ಲ. ಅಲ್ಲಿ ಇಡೀ ವರ್ಷಕ್ಕೆ ಬೀಳುವುದು 1,100–1,200 ಮಿ.ಮೀ., ನಮ್ಮ ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳು ಸಾವಿರ ದಾಟುವುದುಂಟು. ಮಧ್ಯಾಹ್ನದ ಮೇಲೆ ಒಂದು ಗಂಟೆ ಹೊಯ್ದು ನಿಲ್ಲುತ್ತದೆ. ಗದ್ದೆ ಎಲ್ಲ ಹಸಿರು, ಬಾಡಿಗೆಯೂ ಇಳಿದಿರುತ್ತದೆ. ಕೊನೆಕೊನೆಗೆ ಮಾತ್ರ ಸ್ವಲ್ಪ ಹುಷಾರು, 2024ರ ಅಕ್ಟೋಬರ್ ಮೊದಲ ವಾರ ಪಿಂಗ್ ನದಿ ಉಕ್ಕಿ ಪೇಟೆಯೊಳಗೇ ನೀರು ಬಂದಿತ್ತು. ನದಿ ಬದಿಯಲ್ಲಿ ನೆಲಮಹಡಿ ಮನೆ ಹಿಡಿಯಬೇಡಿ, ಅಷ್ಟೇ. ನವೆಂಬರ್, ಡಿಸೆಂಬರ್ ಅಂತೂ ಬಹಳ ಚೆಂದ, ಆದರೆ ಆಗ ಎಲ್ಲರೂ ಬರುತ್ತಾರೆ, ರೇಟೂ ಜಾಸ್ತಿ.

ಖರ್ಚಿನ ವಿಷಯ. ಆ ಸಾವಿರ ಡಾಲರ್ ಕಥೆ ಹೇಳುವವರು ಅಮೆರಿಕದಿಂದ ಹೋದವರು. ಅವರಿಗೆ ಅದು ಸಸ್ತಾ. ನೀವು ಹೋಗುವುದು ಸಂತೆಕಟ್ಟೆಯಿಂದ. ನಿಮ್ಮಾನ್‌ಹೇಮಿನ್ ರಸ್ತೆ ಕಡೆ ಹೊರಗಿನವರೇ ಜಾಸ್ತಿ, ಅಲ್ಲಿ ಒಂದು ಸ್ಟುಡಿಯೊ 12–15 ಸಾವಿರ ಬಾತ್. ಸ್ವಲ್ಪ ದೂರ ಹೋದರೆ 8–10 ಸಾವಿರ. ಒಂದು ಬಾತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಹಿಡಿಯಿರಿ, ಅಂದರೆ ಒಂದು ರೂಮು, ಮೂಲೆಯಲ್ಲಿ ಒಂದು ಸಿಂಕು, ಅದಕ್ಕೆ 20 ಸಾವಿರದ ಮೇಲೆ. ಕರೆಂಟ್ ಬೇರೆ. ಸರ್ಕಾರದ ರೇಟು ಯೂನಿಟ್‌ಗೆ ನಾಲ್ಕು ಬಾತ್ ಆಸುಪಾಸು ಇದ್ದರೂ ಕಟ್ಟಡದವರು ಏಳೆಂಟು ಬಾತ್ ಹಾಕುತ್ತಾರೆ, ಎಸಿ ಓಡಿಸಿದರೆ ಬಿಲ್ ನೋಡಿ ತಲೆ ತಿರುಗುತ್ತದೆ. ಮನೆ ನೋಡುವಾಗ ಮೊದಲು ಕೇಳಬೇಕಾದ್ದು ಇದೇ, ಬಾಡಿಗೆ ಅಲ್ಲ. ಡೆಪಾಸಿಟ್ ಎರಡು ತಿಂಗಳದ್ದು, ಬೆಂಗಳೂರಿನ ಹಾಗೆ ಹತ್ತು ತಿಂಗಳಲ್ಲ, ಪುಣ್ಯಕ್ಕೆ.

ನನಗೂ ಹೆಂಡತಿಗೂ ಎಲ್ಲ ಸೇರಿ ತಿಂಗಳಿಗೆ ಒಂದು ಲಕ್ಷದ ಆಸುಪಾಸು ಆಗುತ್ತಿತ್ತು. ಆ ದುಡ್ಡಿಗೆ ಉಡುಪಿಯಲ್ಲಿ ಎರಡೂವರೆ ತಿಂಗಳು ಆರಾಮಾಗಿ ಇರಬಹುದು. ಹಾಗಾಗಿ ದುಡ್ಡು ಉಳಿಯುತ್ತದೆ ಅಂತ ಹೋಗುವುದಾದರೆ ಹೋಗಲೇಬೇಡಿ. ಊರು ನೋಡಬೇಕು, ಸ್ವಲ್ಪ ದಿನ ಯಾರ ಮದುವೆ, ಉಪನಯನ, ಬ್ರಹ್ಮಕಲಶದ ಕರೆಯೂ ಇಲ್ಲದೆ ಗಂಡ ಹೆಂಡತಿ ಇಬ್ಬರೇ ಇರಬೇಕು ಅಂತ ಇದ್ದರೆ ಅದು ಬೇರೆ ಮಾತು. ಆಗ ಬಹಳ ಒಳ್ಳೆಯ ಊರು ಅದು. ಫುಟ್‌ಪಾತಿನ ಮೇಲೆ ಕಬ್ಬಿಣದ ಮೇಜು ಹಾಕಿ ಖಾವೊ ಸೊಯ್ ಕೊಡ್ತಾರೆ. ತೆಂಗಿನ ಹಾಲಿನ ಸಾರು, ಅದರಲ್ಲಿ ಮೊಟ್ಟೆ ನೂಡಲ್ಸ್, ಮೇಲೆ ಅದೇ ನೂಡಲ್ಸ್ ಕರಿದು ಗರಿಗರಿ ಮಾಡಿ ಹಾಕಿರುತ್ತಾರೆ, ಬದಿಯಲ್ಲಿ ಹುಳಿ ಬರಿಸಿದ ಸಾಸಿವೆ ಸೊಪ್ಪು, ಸಣ್ಣ ಈರುಳ್ಳಿ, ಒಂದು ಹೋಳು ಲಿಂಬೆ. 50–60 ಬಾತ್. ಕೋಳಿ ಗಸಿ ತಿಂದು ಬೆಳೆದವನಿಗೆ ಅದು ಹೊಸತು ಅನಿಸುವುದೇ ಇಲ್ಲ.

ಕಾಲ್ ವಿಷಯ: ಥಾಯ್ಲೆಂಡ್ ನಮಗಿಂತ ಒಂದೂವರೆ ಗಂಟೆ ಮುಂದೆ. ನ್ಯೂಯಾರ್ಕ್‌ನ ಬೆಳಿಗ್ಗೆ ಹತ್ತರ ಮೀಟಿಂಗ್ ಅವರ ಬೇಸಿಗೆ ಸಮಯದಲ್ಲಿ ನಮಗೆ ಸಂಜೆ ಏಳೂವರೆ, ಅಲ್ಲಿ ರಾತ್ರಿ ಒಂಬತ್ತು. ನವೆಂಬರ್‌ನಲ್ಲಿ ಅವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಅಲ್ಲಿ ರಾತ್ರಿ ಹತ್ತು. ನಿಮ್ಮ ರಾತ್ರಿ ಹೋಯಿತು ಅಂತಲೇ ಲೆಕ್ಕ. ಬದಲಿಗೆ ಬೆಂಗಳೂರಿನ ಆಫೀಸು ಒಂಬತ್ತೂವರೆಗೆ ಶುರುವಾದರೆ ಅಲ್ಲಿ ಹನ್ನೊಂದು, ಬೆಳಿಗ್ಗೆ ಪೂರ್ತಿ ನಿಮ್ಮದು.

ಲೆಕ್ಕದ_ಪುಸ್ತಕ

ಬಾಡಿಗೆ, ನೂಡಲ್ಸ್ ಎಲ್ಲ ಆಮೇಲೆ ನೋಡುವ. ಕಂಪನಿಗೆ ಹೇಳಿದ್ದೀರಾ?

ನಾನು ಮಂಗಳೂರಿನಲ್ಲಿ ಟ್ಯಾಕ್ಸ್ ಫೈಲಿಂಗ್ ಕೆಲಸ ಮಾಡುವವನು, ಇಂಥ ಕೇಸು ಈಗ ಬರುತ್ತಾ ಇರುತ್ತದೆ. ಮನೆಯಿಂದ ಕೆಲಸ ಅಂದರೆ ಭಾರತದೊಳಗೆ ಅಂತ ಹೆಚ್ಚಿನ ಕಂಪನಿಗಳ ಲೆಕ್ಕ. ಬೇರೆ ದೇಶದಿಂದ ಲಾಗಿನ್ ಆದ ಕೂಡಲೇ ಐಟಿ ವಿಭಾಗಕ್ಕೆ ಗೊತ್ತಾಗುತ್ತದೆ, ಕೆಲವು ಕಡೆ ತನ್ನಷ್ಟಕ್ಕೆ ಲಾಕ್ ಆಗುತ್ತದೆ. ವಿಪಿಎನ್ ಹಾಕಿ ಉಡುಪಿಯಲ್ಲೇ ಇದ್ದೇನೆ ಅಂತ ತೋರಿಸುವ ಐಡಿಯಾ ಯಾರಾದರೂ ಕೊಟ್ಟರೆ ಕೇಳಬೇಡಿ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಕ್ಲೈಂಟ್ ಜೊತೆಗಿನ ಒಪ್ಪಂದದಲ್ಲಿ ಡೇಟಾ ಭಾರತ ಬಿಟ್ಟು ಹೋಗಬಾರದು ಅಂತ ಇದ್ದರೆ ಅದು ಇನ್ನೂ ದೊಡ್ಡ ತಲೆಬಿಸಿ. ಎಚ್‌ಆರ್‌ನಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಮ್ಯಾನೇಜರ್ ಬಾಯಿಮಾತಲ್ಲಿ ಓಕೆ ಅಂದದ್ದು ಲೆಕ್ಕಕ್ಕಿಲ್ಲ.

ಆ ಪತ್ರ ವೀಸಾಕ್ಕೂ ಬೇಕು. ಥಾಯ್ಲೆಂಡ್ 2024ರ ಜುಲೈಯಲ್ಲಿ ಡಿಟಿವಿ ಅಂತ ಹೊಸ ವೀಸಾ ತಂದಿತು. ಐದು ವರ್ಷದ್ದು, ಎಷ್ಟು ಸಲವೂ ಹೋಗಿ ಬರಬಹುದು, ಒಂದು ಸಲಕ್ಕೆ 180 ದಿನ ಇರಬಹುದು. ದೂರದಿಂದ ಕೆಲಸ ಮಾಡುವವರಿಗೆ ಅಂತಲೇ ಮಾಡಿದ್ದು. ಬ್ಯಾಂಕಿನಲ್ಲಿ 5 ಲಕ್ಷ ಬಾತ್ ಇದೆ ಅಂತ ತೋರಿಸಬೇಕು, ನಮ್ಮ ದುಡ್ಡಲ್ಲಿ ಹನ್ನೆರಡೂವರೆಯಿಂದ ಹದಿನೈದು ಲಕ್ಷ. ಫೀಸು ಸುಮಾರು 10,000 ಬಾತ್. ಅರ್ಜಿ ಥಾಯ್ಲೆಂಡ್ ಹೊರಗಿನಿಂದಲೇ ಹಾಕಬೇಕು. 2025ರ ಜನವರಿಯಿಂದ ಭಾರತದಲ್ಲಿ ಇದೆಲ್ಲ ಆನ್‌ಲೈನ್. ಮುಖ್ಯ ಅರ್ಜಿದಾರರ ಜೊತೆ ಗಂಡ ಅಥವಾ ಹೆಂಡತಿಗೂ ಇದೇ ವೀಸಾ ಸಿಗುತ್ತದೆ, ಮದುವೆ ಸರ್ಟಿಫಿಕೇಟ್ ಇರಲಿ. ಟೂರಿಸ್ಟ್ ಆಗಿ ಹೋಗಿ ಲ್ಯಾಪ್‌ಟಾಪ್ ಬಿಡಿಸುವವರು ಸಾವಿರ ಜನ ಇದ್ದಾರೆ, ಯಾರೂ ಬಂದು ಹಿಡಿಯುವುದಿಲ್ಲ ಅಂತಾರೆ. ಇರಬಹುದು. ಆದರೆ ಟೂರಿಸ್ಟ್ ಪ್ರವೇಶ ಕೆಲಸಕ್ಕೆ ಅಲ್ಲ ಅನ್ನುವುದು ಕಾಗದದ ಮೇಲೆ ಸ್ಪಷ್ಟ ಇದೆ, ನಾನಂತೂ ಯಾರಿಗೂ ಹಾಗೆ ಹೋಗಿ ಅನ್ನುವುದಿಲ್ಲ.

ತೆರಿಗೆಗೆ ದಿನ ಲೆಕ್ಕ ಇಡಿ. ಥಾಯ್ಲೆಂಡ್‌ನಲ್ಲಿ ಒಂದು ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಆದರೆ ನೀವು ಅಲ್ಲಿನ ತೆರಿಗೆ ನಿವಾಸಿ. 2024ರಿಂದ ನಿಯಮ ಬಿಗಿ ಮಾಡಿದ್ದಾರೆ, ಅಂಥವರು ಹೊರಗೆ ದುಡಿದದ್ದನ್ನು ಒಳಗೆ ತಂದರೆ ಅದಕ್ಕೂ ತೆರಿಗೆ. ನಮ್ಮ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್, ಅವರದ್ದು ಜನವರಿಯಿಂದ ಡಿಸೆಂಬರ್, ಎರಡನ್ನೂ ಬೇರೆ ಬೇರೆ ಬರೆದಿಡಿ. ನಾಲ್ಕು ತಿಂಗಳಿಗೆ ನೀವು ಇಲ್ಲಿಯವರೇ, ಸಂಬಳದ ಮೇಲೆ ಎಂದಿನ ಹಾಗೆ ಇಲ್ಲೇ ಕಡಿತ. ಅದಕ್ಕಿಂತ ಜಾಸ್ತಿ ಇರುವುದಾದರೆ ಹೋಗುವ ಮೊದಲೇ ನಿಮ್ಮ ಸಿಎ ಜೊತೆ ಒಮ್ಮೆ ಕೂತು ಮಾತಾಡಿ, ಬಂದ ಮೇಲೆ ಅಲ್ಲ.

ಮಲ್ಪೆ_ಬಂಗುಡೆ

ಎಂತದು ಮಾರಾಯ್ರೆ, ಸಂತೆಕಟ್ಟೆಯಿಂದ ಮಲ್ಪೆಗೆ ಅರ್ಧ ಗಂಟೆ. ಬೀಚು ಉಂಟು, ಮೀನು ಉಂಟು, ಬೊಂಡ ಉಂಟು, ಫೈಬರ್ ಇಂಟರ್ನೆಟ್ಟೂ ಉಂಟು. ಬೆಂಗಳೂರಿನವರು ರಜೆ ಹಾಕಿ ಇಲ್ಲಿ ಬಂದು ಕೂರ್ತಾರೆ. ನೀವು ಇಲ್ಲಿಂದ ಎದ್ದು ಅಲ್ಲಿಗೆ!

ಬಿಜೈ_ಮ್ಯೂಸಿಯಂ

@ಮಲ್ಪೆ_ಬಂಗುಡೆ ಜೂನ್‌ನಲ್ಲಿ ಒಂದು ಗಾಳಿಗೆ ತೆಂಗಿನ ಮಡಲು ವಯರಿನ ಮೇಲೆ ಬಿದ್ದರೆ ನಿಮ್ಮ ಫೈಬರ್ ಎಷ್ಟು ಹೊತ್ತಿಗೆ ಬರುತ್ತದೆ, ಕ್ಲೈಂಟ್ ಕಾಲ್ ನಡುವೆ ಇನ್ವರ್ಟರ್ ಕುಂಯ್ ಅನ್ನುವಾಗ ಹೇಗಾಗುತ್ತದೆ, ಅದನ್ನೂ ಹೇಳಿ 😀

ಕಟಪಾಡಿ_ಅಕ್ಕ

ಹೆಂಡತಿ ಸಸ್ಯಾಹಾರಿ ಅಂದಿರಲ್ಲ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಎಲ್ಲ ಗಂಡಸರ ಉತ್ತರ, ಮತ್ತೆಂತ.

ಥಾಯ್ಲೆಂಡ್‌ನಲ್ಲಿ ಬರೀ ತರಕಾರಿ ಅಂದರೂ ಅದಕ್ಕೆ ಮೀನಿನ ಸಾಸ್ ಬೀಳುತ್ತದೆ. ಪಪ್ಪಾಯಿ ಕೋಸಂಬರಿಗೂ ಬೀಳುತ್ತದೆ. ಅವರಿಗೆ ಅದು ನಮ್ಮ ಉಪ್ಪಿದ್ದ ಹಾಗೆ, ಮಾಂಸ ಅಂತ ಲೆಕ್ಕವೇ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಬರೆದ ಅಂಗಡಿ ನೋಡಿ ಒಳಗೆ ಹೋಗಲು ಹೇಳಿ. ಅದು ಚೀನೀ ಬೌದ್ಧರ ‘ಜೇ’ ಊಟ. ಮೀನು, ಮೊಟ್ಟೆ, ಹಾಲು ಏನೂ ಇಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ಮಠದ ಊಟಕ್ಕಿಂತ ಒಂದು ಕೈ ಜಾಸ್ತಿಯೇ ಶುದ್ಧ ಅನ್ನಿ. ಅಕ್ಟೋಬರ್ ಆಸುಪಾಸು ಒಂಬತ್ತು ದಿನದ ಹಬ್ಬ ಬರುತ್ತದೆ, ಆಗ ಬೀದಿ ತುಂಬ ಇದೇ ಬಾವುಟ. ಮನೆಯಲ್ಲಿ ಮಾಡುವುದಾದರೆ ಕಷ್ಟ ಇಲ್ಲ. ತೆಂಗಿನಕಾಯಿ, ಬಾಳೆಕಾಯಿ, ಬದನೆ, ಹಲಸು ಎಲ್ಲ ಸಿಗುತ್ತದೆ, ಚಿಯಾಂಗ್ ಮಾಯ್ ಸಂತೆಯಲ್ಲಿ ಬಸಳೆಯೂ ಉಂಟು. ಕುಚಲಕ್ಕಿ ಸಿಗುವುದು ಕಷ್ಟ. ರೂಮಿನಲ್ಲಿ ಒಲೆ ಇದೆಯಾ ಅಂತ ಮೊದಲೇ ಕೇಳಿ, ಎಷ್ಟೋ ಸ್ಟುಡಿಯೊದಲ್ಲಿ ಮೈಕ್ರೋವೇವ್ ಬಿಟ್ಟರೆ ಏನೂ ಇರುವುದಿಲ್ಲ.

ನಾವು ಇದ್ದದ್ದು ಪೆನಾಂಗ್‌ನಲ್ಲಿ, ಜಾರ್ಜ್‌ಟೌನ್. ಸಸ್ಯಾಹಾರಿಗಳಿಗೆ ಅದೇ ಸುಖ. ಲಿಟಲ್ ಇಂಡಿಯಾದಲ್ಲಿ ತಮಿಳರ ಬಾಳೆಎಲೆ ಊಟ, ದೋಸೆ, ಮಲ್ಲಿಗೆ ಹೂವು, ಊದುಬತ್ತಿ, ಎಲ್ಲ ಒಂದೇ ಬೀದಿಯಲ್ಲಿ. ಅಲ್ಲಿನ ಮಾರಿಯಮ್ಮನ ದೇವಸ್ಥಾನ 1833ರದ್ದು. ಹಳೆ ಪೇಟೆ 2008ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಮನೆಗಳ ಮುಂದೆ ಕಂಬ ಕಂಬದ ಜಗಲಿ, ಒಂದರಿಂದ ಒಂದಕ್ಕೆ ನೆರಳಲ್ಲೇ ನಡೆದು ಹೋಗಬಹುದು (ಮಧ್ಯೆ ಯಾರಾದರೂ ಬೈಕ್ ನಿಲ್ಲಿಸಿರುತ್ತಾರೆ, ಅದು ಎಲ್ಲ ಕಡೆಯೂ ಇದ್ದದ್ದೇ). ಇಂಗ್ಲಿಷ್ ಸಾಕು, ಸ್ವಲ್ಪ ತಮಿಳು ಬಂದರೆ ರಾಜ್ಯವೇ ನಿಮ್ಮದು. ಸೆಖೆ ಮಾತ್ರ ವರ್ಷವಿಡೀ ನಮ್ಮ ಏಪ್ರಿಲ್.

ವೀಸಾ ಇಲ್ಲದೆ ಭಾರತೀಯರಿಗೆ ಮಲೇಷ್ಯಾದಲ್ಲಿ 30 ದಿನ, 2023ರ ಡಿಸೆಂಬರ್‌ನಿಂದ. ಕೆಲಸ ಮಾಡಿಕೊಂಡು ಇರುವುದಾದರೆ ಡಿಇ ರಂತಾವ್ ಅಂತ ಪಾಸ್ ಉಂಟು. ಸಾಫ್ಟ್‌ವೇರ್, ಡಿಜಿಟಲ್ ಕೆಲಸದವರಿಗೆ ವರ್ಷಕ್ಕೆ 24,000 ಡಾಲರ್ ಆದಾಯ ಬೇಕು, ಬೇರೆ ಕೆಲಸದವರಿಗೆ 60,000. ಮೂರರಿಂದ ಹನ್ನೆರಡು ತಿಂಗಳಿಗೆ ಕೊಡುತ್ತಾರೆ, ಆಮೇಲೆ ಇನ್ನೂ ಹನ್ನೆರಡು ತಿಂಗಳು ಮುಂದುವರಿಸಬಹುದು. ಸಮಯ ಮಾತ್ರ ನಮಗಿಂತ ಎರಡೂವರೆ ಗಂಟೆ ಮುಂದೆ. ನಿಮ್ಮ ಏಳೂವರೆ ಕಾಲ್ ಅಲ್ಲಿ ರಾತ್ರಿ ಹತ್ತಕ್ಕೆ.

ಸುರತ್ಕಲ್_ಲೈಟ್‌ಹೌಸ್

ದಾ ನಾಂಗ್ ಬಗ್ಗೆ ಎರಡು ಮಾತು. ಊರು ಚೆಂದ, ಮೀ ಖೇ ಬೀಚ್ ಉದ್ದಕ್ಕೂ ಸ್ವಚ್ಛ, ಬಾಡಿಗೆ ಚಿಯಾಂಗ್ ಮಾಯ್ ಲೆವೆಲ್ಲೇ. ವಿಯೆಟ್ನಾಮ್‌ಗೆ ನೊಮ್ಯಾಡ್ ವೀಸಾ, ಅಂದರೆ ದೂರದಿಂದ ಕೆಲಸ ಮಾಡುವವರ ವೀಸಾ, ಅಂತ ಇಲ್ಲ, ಇ-ವೀಸಾ 90 ದಿನ, ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50. ಅಕ್ಟೋಬರ್, ನವೆಂಬರ್‌ನಲ್ಲಿ ಹೋಗಲೇಬೇಡಿ, ಆಗ ಚಂಡಮಾರುತ, ನೆರೆ.

ಮುಖ್ಯವಾಗಿ ಸ್ಕೂಟರ್. ಎಲ್ಲರೂ ಬಾಡಿಗೆಗೆ ಕೊಡುತ್ತಾರೆ, ಲೈಸೆನ್ಸ್ ಕೇಳುವುದೇ ಇಲ್ಲ. ಆದರೆ ನಮ್ಮ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಮ್ ಒಪ್ಪುವುದು 1968ರದ್ದನ್ನು. ಅಂದರೆ ಅಲ್ಲಿ ನಿಮಗೆ ಲೈಸೆನ್ಸ್ ಇಲ್ಲ ಅಂತಲೇ ಅರ್ಥ. ಬಿದ್ದು ಕಾಲು ಮುರಿದರೆ ಟ್ರಾವೆಲ್ ಇನ್ಶೂರೆನ್ಸ್‌ನವರು ಮೊದಲು ಕೇಳುವುದು ಅದನ್ನೇ. ಥಾಯ್ಲೆಂಡ್‌ನಲ್ಲಿ ನಮ್ಮ ಪರ್ಮಿಟ್ ನಡೆಯುತ್ತದೆ, ಆದರೆ ಅದರಲ್ಲಿ ಬೈಕಿನ ವಿಭಾಗಕ್ಕೆ ಸೀಲು ಇರಬೇಕು. ಬರೀ ಕಾರಿಗೆ ಇದ್ದರೆ ಸಾಲದು.

ಪಂಪ್‌ವೆಲ್_ಸಿಗ್ನಲ್

ನಡುವೆ ಬಾಯಿ ಹಾಕುವುದಕ್ಕೆ ಕ್ಷಮಿಸಿ. ನನ್ನ ಚಿಕ್ಕಮ್ಮನ ಮಗನಿಗೆ ಬ್ಯಾಂಕಾಕ್‌ನಲ್ಲಿ ಡೇಟಾ ಎಂಟ್ರಿ ಕೆಲಸ ಅಂತ ಟೆಲಿಗ್ರಾಮ್‌ನಲ್ಲಿ ಮೆಸೇಜ್ ಬಂದಿದೆ. ಸಂಬಳ ಎಂಬತ್ತು ಸಾವಿರ, ಟಿಕೆಟ್ ಅವರೇ ಕೊಡ್ತಾರಂತೆ. ಟೂರಿಸ್ಟ್ ಆಗಿ ಬಾ, ವೀಸಾ ಇಲ್ಲಿ ಮಾಡಿಸುವ ಅಂತಾರೆ. ಇದೂ ಇದೇ ರೀತಿಯದ್ದಾ?

ಲೆಕ್ಕದ_ಪುಸ್ತಕ

ಅಲ್ಲ. ದಯವಿಟ್ಟು ಇವತ್ತೇ ಫೋನ್ ಮಾಡಿ ತಡೆಯಿರಿ. ಬ್ಯಾಂಕಾಕ್ ಅಂತ ಕರೆಸಿ, ಕಾರಿನಲ್ಲಿ ಗಡಿಯ ಮೇ ಸೋಟ್‌ಗೆ ಸಾಗಿಸಿ, ಹೊಳೆ ದಾಟಿಸಿ ಮ್ಯಾನ್ಮಾರ್‌ನ ಮ್ಯಾವಡ್ಡಿಯಲ್ಲಿ ಕೂಡಿ ಹಾಕುತ್ತಾರೆ. ಪಾಸ್‌ಪೋರ್ಟ್ ಕಿತ್ತುಕೊಂಡು ಆನ್‌ಲೈನ್ ಮೋಸದ ಕೆಲಸ ಮಾಡಿಸುತ್ತಾರೆ, ಮಾಡದಿದ್ದರೆ ಹೊಡೆತ. 2025ರ ಮಾರ್ಚ್‌ನಲ್ಲಿ ಅಲ್ಲಿಂದ ಬಿಡಿಸಿದ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ಕರೆತಂದರು. ಇಲ್ಲಿ ಮಾತಾಡುತ್ತಾ ಇರುವುದು ಈಗಾಗಲೇ ಇಲ್ಲಿ ಕೆಲಸ ಇದ್ದು, ಲ್ಯಾಪ್‌ಟಾಪ್ ಹಿಡಿದು ಹೋಗುವವರ ಕಥೆ. ಅಲ್ಲಿ ಹೋಗಿ ಕೆಲಸ ಹುಡುಕುವುದೂ ಅಲ್ಲ, ಟೆಲಿಗ್ರಾಮ್‌ನಲ್ಲಿ ಬಂದ ಕೆಲಸಕ್ಕೆ ಹಾರುವುದೂ ಅಲ್ಲ. ದುಬೈಗೆ ಏಜೆಂಟ್ ಮೂಲಕ ಹೋಗಿ ಅಭ್ಯಾಸ ಇರುವ ನಮ್ಮ ಊರಿನ ಹುಡುಗರು ಇಂಥದ್ದನ್ನು ಬೇಗ ನಂಬುತ್ತಾರೆ.

ಪಂಪ್‌ವೆಲ್_ಸಿಗ್ನಲ್

ಅಯ್ಯೋ. ಈಗಲೇ ಮಾಡ್ತೇನೆ. ಧನ್ಯವಾದ ಸರ್.

ಕಲ್ಯಾಣಪುರ_ಸೇತುವೆ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಜನವರಿ ಪ್ಲಾನ್ ಕ್ಯಾನ್ಸಲ್. ಜೂನ್ ಅಂತ ಇಟ್ಟುಕೊಂಡಿದ್ದೇವೆ. ಎಚ್‌ಆರ್‌ಗೆ ಮೇಲ್ ಹಾಕಿದೆ, ನೋಡುವ. ದುಡ್ಡು ಉಳಿಯುವುದಿಲ್ಲ ಅಂದಾಗ ಸ್ವಲ್ಪ ಠುಸ್ ಆಯಿತು ನಿಜ, ಆದರೆ ಹೆಂಡತಿ ‘ಉಳಿಸಲಿಕ್ಕೆ ಹೋಗುವುದು ಅಂತ ಯಾರು ಹೇಳಿದ್ದು’ ಅಂದಳು. ಕಟಪಾಡಿ ಅಕ್ಕನ ಮೆಸೇಜ್ ಓದಿದ ಮೇಲೆ ಅವಳು ಪೆನಾಂಗ್ ಪಾರ್ಟಿ. ನಾನು ರಾತ್ರಿ ಹತ್ತರ ಕಾಲ್ ನೋಡಿ ಇನ್ನೂ ಚಿಯಾಂಗ್ ಮಾಯ್‌ನಲ್ಲೇ ಇದ್ದೇನೆ. ಕೊನೆಯದಾಗಿ, ಬ್ಯಾಂಕ್ ಒಟಿಪಿ ಎಲ್ಲ ಅಲ್ಲಿ ಹೇಗೆ? ದುಡ್ಡು ಹೇಗೆ ತೆಗೆಯುವುದು? ನಮ್ಮ ಯುಪಿಐ ನಂಬಿ ಹೋಗಬಹುದಾ?

ಬಿಜೈ_ಮ್ಯೂಸಿಯಂ

ಯುಪಿಐ ನಂಬಿ ಹೋಗಬೇಡಿ. ಅಲ್ಲಿ ತರಕಾರಿಯವಳ ಹತ್ತಿರವೂ ಕ್ಯೂಆರ್ ಇರುತ್ತದೆ, ಆದರೆ ಅದು ಅವರ ಬ್ಯಾಂಕ್ ಖಾತೆ ಇದ್ದವರಿಗೆ. ಎಟಿಎಂನಲ್ಲಿ ಹೊರಗಿನ ಕಾರ್ಡ್ ಹಾಕಿದರೆ ಒಂದು ಸಲಕ್ಕೆ 220 ಬಾತ್ ಅಥವಾ ಅದಕ್ಕಿಂತ ಜಾಸ್ತಿ ಕತ್ತರಿ. ಹಾಗಾಗಿ ತೆಗೆಯುವಾಗ ದೊಡ್ಡ ಮೊತ್ತ ತೆಗೆಯಿರಿ, ದಿನಾ ಸಾವಿರ ಸಾವಿರ ತೆಗೆಯಬೇಡಿ. ಎರಡು ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಇರಲಿ, ಇಲ್ಲಿಂದ ಹೊರಡುವ ಮೊದಲೇ ಆ್ಯಪ್‌ನಲ್ಲಿ ವಿದೇಶದ ಬಳಕೆ ಆನ್ ಮಾಡಿ.

ಒಟಿಪಿಗೆ ನಮ್ಮ ಸಿಮ್ ಬೇಕೇ ಬೇಕು. ಹೊರಡುವ ಮೊದಲು ರೋಮಿಂಗ್ ಆನ್ ಮಾಡಿಸಿ, ಕಾಲ್, ಡೇಟಾ ಪ್ಯಾಕ್ ಹಾಕಬೇಕಂತಿಲ್ಲ, ಎಸ್‌ಎಂಎಸ್ ಬಂದರೆ ಸಾಕು. ಡೇಟಾ ರೋಮಿಂಗ್ ಆಫ್ ಇಡಿ, ಇಲ್ಲದಿದ್ದರೆ ಬಿಲ್ ಬೇರೆ ಕಥೆ ಹೇಳುತ್ತದೆ. ನೆಟ್‌ಗೆ ಅಲ್ಲಿನ ಸಿಮ್ ಅಥವಾ ಇ-ಸಿಮ್. ಇಲ್ಲಿನ ರೀಚಾರ್ಜ್ ಮುಗಿಯಲು ಬಿಡಬೇಡಿ.

ಇನ್ನೊಂದು ನೆನಪಾಯಿತು. ಥಾಯ್ಲೆಂಡ್‌ಗೆ ಇಳಿಯುವ ಮೊದಲು ಆನ್‌ಲೈನ್ ಆಗಮನ ಕಾರ್ಡ್ ತುಂಬಬೇಕು, 2025ರ ಮೇ 1ರಿಂದ ಕಡ್ಡಾಯ, ಪ್ರಯಾಣದ ಹಿಂದಿನ ಮೂರು ದಿನದೊಳಗೆ. ಪುಕ್ಕಟೆ. ಗೂಗಲ್ ಮಾಡಿದರೆ ಮೇಲೆ ಬರುವ ಕೆಲವು ಸೈಟು ದುಡ್ಡು ಕೇಳುತ್ತವೆ, ಅವು ಸರ್ಕಾರದ್ದಲ್ಲ. ಮತ್ತೆ ಮನೆ ಹಿಡಿದ ಕೂಡಲೇ ಮಾಲೀಕರು ನೀವು ಬಂದದ್ದನ್ನು 24 ಗಂಟೆಯೊಳಗೆ ಇಮಿಗ್ರೇಶನ್‌ಗೆ ತಿಳಿಸಬೇಕು, ಟಿಎಂ30 ಅಂತ ಅದರ ಹೆಸರು. ಎಷ್ಟೋ ಜನ ಮಾಲೀಕರು ಉದಾಸೀನ ಮಾಡ್ತಾರೆ, ಆಮೇಲೆ ಕಚೇರಿಯಲ್ಲಿ ಒದ್ದಾಡುವುದು ನೀವು. ಅಡ್ವಾನ್ಸ್ ಕೊಡುವ ಮೊದಲೇ ಕೇಳಿ, ಆ ರಸೀದಿಯ ಫೋಟೊ ತೆಗೆದಿಟ್ಟುಕೊಳ್ಳಿ. 90 ದಿನ ಆಗುವ ಹೊತ್ತಿಗೆ ನೀವೂ ಒಮ್ಮೆ ವಿಳಾಸ ತಿಳಿಸಬೇಕು, ಮೊದಲ ಸಲದ್ದು ಆನ್‌ಲೈನ್‌ನಲ್ಲಿ ಆಗುವುದಿಲ್ಲ.

ಕಟಪಾಡಿ_ಅಕ್ಕ

ನಿಮ್ಮ ಹೆಂಡತಿಗೆ ನನಗೊಂದು ಮೆಸೇಜ್ ಹಾಕಲು ಹೇಳಿ. ಪೆನಾಂಗ್‌ನಲ್ಲಿ ಉದ್ದಿನಬೇಳೆ, ಸಾಂಬಾರ್ ಪುಡಿ ಎಲ್ಲ ಸಿಗುತ್ತದೆ, ಇಲ್ಲಿಂದ ಹೊತ್ತುಕೊಂಡು ಹೋಗುವ ಅಗತ್ಯ ಇಲ್ಲ, ಬ್ಯಾಗಿನಲ್ಲಿ ಜಾಗ ಉಳಿಯುತ್ತದೆ. ಚಿಯಾಂಗ್ ಮಾಯ್‌ಗೆ ಹೋಗುವುದಾದರೆ ಮಾತ್ರ ನಾಲ್ಕು ತಿಂಗಳ ಹುಳಿಪುಡಿ ಕಟ್ಟಿಕೊಂಡು ಹೋಗಲಿ.